ಒಣ ನಡುಗಡ್ಡೆಯ ಹುಲ್ಲು

ಹುಲ್ಲಿನ ವಿಷಯದಲ್ಲಿ ನಮ್ಮ ನುಡಿ ಎಂದೂ ಉದಾರವಾಗಿಲ್ಲ. ಒಬ್ಬನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲವೆಂದು ಹೇಳಬೇಕಾದರೆ ತೃಣಸಮಾನವಾಗಿ ಕಂಡರೆನ್ನುತ್ತೇವೆ. ಭಗವಂತನ ಅಪ್ಪಣೆಯಿಲ್ಲದೆ ಅಲ್ಲಾಡದ ವಸ್ತುಗಳಲ್ಲಿ ಅತ್ಯಂತ ಅಲ್ಪವಾದುದು ಯಾವುದೆಂದು ಹುಡುಕಿ ಹುಲ್ಲುಕಡ್ಡಿಯನ್ನು ಎತ್ತಿ ತೋರಿಸುತ್ತೇವೆ. ಹುಲಿಯ ಘನತೆಯನ್ನು ಸಾರುವಾಗಲೂ, ಅದು ಹಸಿದರೂ ಹುಲ್ಲು ತಿನ್ನುವುದಿಲ್ಲವೆಂದು ಹೇಳಿ ಹುಲ್ಲನ್ನೇ ತುಳಿಯುತ್ತೇವೆ. ಡಿ.ವಿ.ಜಿ.ಯವರ ಕಗ್ಗದಲ್ಲಿ ಬೆಟ್ಟದ ಬುಡದ ಹುಲ್ಲಿಗೆ ಒಂದು ಗೌರವದ ಸ್ಥಾನ ದೊರೆತಿದೆ; ಅದು ಅಪವಾದ. ಗರಿಕೆ ಗಣಪತಿಯ ತಲೆಯೇರಿತು, ದರ್ಭೆ ಪುರೋಹಿತರ ಬೆರಳೇರಿತು; ಆದ್ದರಿಂದ ಅವೆರಡರ ಹೆಸರು ಎಲ್ಲರ ಬಾಯಲ್ಲೂ ಉಳಿದಿದೆ. ಪೂಜೆಗೂ ಸಲ್ಲದ, ಶ್ರಾದ್ಧಕ್ಕೂ ಸಲ್ಲದ ಹುಲ್ಲುಗಳ ಗತಿಯೇನು?

ನಾನು ಹೇಳಹೊರಟಿರುವುದು ಅಂಥ ಒಂದು ಹುಲ್ಲಿನ ವಿಷಯ. ಹೊಸಪೇಟೆಯ ಸುತ್ತ ಯಾವ ಗುಡ್ಡವನ್ನು ಹತ್ತಿದರೂ ಅದು ಸಿಗುತ್ತದೆ. ಸಿಗುತ್ತದೆ ಎನ್ನುವುದಕ್ಕಿಂತ ಅದೇ ನಮ್ಮನ್ನು ಹಿಡಿಯುತ್ತದೆ ಎನ್ನಬೇಕು. ನವೆಂಬರ್ ತಿಂಗಳಲ್ಲಿ ಮಾತಂಗ ಪರ್ವತದಿಂದಲೋ ಜೋಳದರಾಶಿ ಗುಡ್ಡದಿಂದಲೋ ಇಳಿದು ಬಂದವರು ಮನೆಯ ಮೆಟ್ಟಿಲ ಮೇಲೆ ಕುಳಿತು ಕಾಲುಚೀಲದಿಂದ, ಪ್ಯಾಂಟಿನ ಅಂಚಿನಿಂದ, ಸೀರೆಯ ನೆರಿಗೆಯಿಂದ ಒಂದೊಂದಾಗಿ ಕಿತ್ತು ಬಿಸಾಡುವ ಕಂದುಬಣ್ಣದ ಸೂಜಿಗಳಿವೆಯಲ್ಲ, ಆ ಹುಲ್ಲು. ಮೊಳಕಾಲಿನಿಂದ ಸೊಂಟದವರೆಗೆ ಬೆಳೆಯುತ್ತದೆ. ತುದಿಯಲ್ಲಿ ತೆನೆ, ತೆನೆಯ ಒಂದೊಂದು ಬೀಜಕ್ಕೂ ಬೆರಳುದ್ದದ ಕಪ್ಪುಗೂದಲಿನಂಥ ಬಾಲ. ಬಲಿತಾಗ ಈ ಬಾಲಗಳೆಲ್ಲ ಒಂದಕ್ಕೊಂದು ಸುತ್ತಿಕೊಂಡು ಹೊಸೆದ ಹಗ್ಗದಂತಾಗುತ್ತವೆ.

ಸಸ್ಯಶಾಸ್ತ್ರಜ್ಞರು ಇದನ್ನು ಹೆಟೆರೊಪೋಗಾನ್ ಕಾಂಟಾರ್ಟಸ್ ಎನ್ನುತ್ತಾರೆ. ಸ್ವೀಡನ್ನಿನ ಲಿನೇಯಸ್ 1753ರಲ್ಲಿಯೇ ಇದಕ್ಕೆ ಕಾಂಟಾರ್ಟಸ್, ಎಂದರೆ ‘ಹೊಸೆದುಕೊಂಡದ್ದು’ ಎಂದು ನಾಮಕರಣ ಮಾಡಿದ. ಮೊದಲಿನ ಪದದ ಅರ್ಥ ‘ಬೇರೆಬೇರೆ ಗಡ್ಡದ್ದು’ ಎಂದು. ತೆನೆಯ ಕೆಳಗಿನ ಅರ್ಧಕ್ಕೆ ಈ ಬಾಲ ಇಲ್ಲ, ಮೇಲಿನ ಅರ್ಧಕ್ಕೆ ಮಾತ್ರ ಉಂಟು. ಬಳ್ಳಾರಿ ಜಿಲ್ಲೆ ಮದರಾಸು ಆಧಿಪತ್ಯದಲ್ಲಿದ್ದ ಕಾಲದಲ್ಲಿ, 1921ರಲ್ಲಿ, ಕೊಯಮತ್ತೂರಿನ ಕೃಷಿ ಕಾಲೇಜಿನ ರಂಗಾಚಾರಿಯವರು ದಕ್ಷಿಣ ಭಾರತದ ಹುಲ್ಲುಗಳ ಮೇಲೆ ಒಂದು ಕೈಪಿಡಿ ಬರೆದರು. ಚಿತ್ರಸಹಿತವಾದ ಆ ಪುಸ್ತಕವನ್ನು ತಿರುವಿದರೆ, ಕಾಲ ಕೆಳಗಿನ ವಸ್ತುವಿಗಾಗಿ ಒಬ್ಬ ವಿದ್ವಾಂಸ ಎಷ್ಟು ಹೊತ್ತು ಬಗ್ಗಿ ಕುಳಿತಿರಬಹುದೆಂದು ಆಶ್ಚರ್ಯವಾಗುತ್ತದೆ. ನಾವು ಕನ್ನಡ ಮೇಷ್ಟರುಗಳು ಪಠ್ಯದ ಮುಂದೆ ಅಷ್ಟು ಬಗ್ಗುವುದು ಅಪರೂಪ.

ಈ ಹುಲ್ಲಿನ ಬೀಜದ ವಿದ್ಯೆಯನ್ನು ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ಒಂದು ಒಣ ಬೀಜವನ್ನು ಮೇಜಿನ ಮೇಲಿಟ್ಟು ಅದರ ಬಾಲಕ್ಕೆ ಎರಡು ಹನಿ ನೀರು ತಾಗಿಸಿರಿ. ಕ್ಷಣದಲ್ಲಿ ಅದಕ್ಕೆ ಜೀವ ಬರುತ್ತದೆ. ಗಡಿಯಾರದ ಮುಳ್ಳಿನಂತೆ ಮೆಲ್ಲಗೆ ತಿರುಗತೊಡಗುತ್ತದೆ, ಮೇಜಿನ ಮೇಲೆ ಹೊರಳುತ್ತದೆ. ಒಣಗಿದಾಗ ಮತ್ತೆ ಮೊದಲಿನಂತೆ ಹೊಸೆದುಕೊಳ್ಳುತ್ತದೆ. ಬೀಜದ ಕೆಳತುದಿಯೋ ಸೂಜಿಯಷ್ಟು ಚೂಪು. ಅದರ ಸುತ್ತ ಹಿಂದಕ್ಕೆ ಬಾಗಿದ ಬಿರುಸು ರೋಮಗಳು. ಒಳಹೊಕ್ಕದ್ದು ಹೊರಬಾರದಂತೆ ಈ ಏರ್ಪಾಡು. ರಾತ್ರಿಯ ಇಬ್ಬನಿಗೆ ಬಾಲ ಬಿಚ್ಚಿಕೊಳ್ಳುವುದು, ಹಗಲಿನ ಬಿಸಿಲಿಗೆ ಹೊಸೆದುಕೊಳ್ಳುವುದು; ಹೀಗೆ ತಿರುಗಿ ತಿರುಗಿ ಬೀಜ ತನ್ನನ್ನು ತಾನೇ ನೆಲದೊಳಕ್ಕೆ ಕೊರೆದುಕೊಂಡು ಹೋಗುತ್ತದೆ. ಬಡಗಿಯ ಬೈರಿಗೆಯ ಕೆಲಸವೇ ಸರಿ. ಆದರೆ ಬೈರಿಗೆ ಹಿಡಿದ ಕೈ ಮಾತ್ರ ಕಾಣುವುದಿಲ್ಲ. ಇಂಥ ಬೀಜಗಳು ತಮ್ಮನ್ನು ತಾವೇ ಹೂಳಿಕೊಳ್ಳುವ ರೀತಿಯನ್ನು 1876ರಲ್ಲಿ ವಿವರಿಸಿದವನು ಚಾರ್ಲ್ಸ್ ಡಾರ್ವಿನ್ನನ ಮಗ ಫ್ರಾನ್ಸಿಸ್ ಡಾರ್ವಿನ್. ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದು ಕಡ್ಡಿಯೆಲ್ಲ ಬೂದಿಯಾದರೂ ನೆಲದೊಳಗಿನ ಬೀಜ ಉಳಿಯುತ್ತದೆ, ಬುಡದ ಗಡ್ಡೆಯೂ ಉಳಿಯುತ್ತದೆ. ಮೊದಲ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಕಪ್ಪು ಬೂದಿಯ ನಡುವೆ ಹಸುರು ಮುಳ್ಳಿನಂತೆ ಚಿಗುರುತ್ತದೆ. ವರ್ಷವರ್ಷವೂ ಬಿತ್ತಿ ಬೆಳೆಯಬೇಕಾದ ಹುಲ್ಲಲ್ಲ ಇದು. ಒಮ್ಮೆ ಊರಿದರೆ ವರುಷಗಟ್ಟಲೆ ಅಲ್ಲಿಯೇ ಸಂಸಾರ.

ಈ ವಿದ್ಯೆಯಿಂದ ಕುರಿಗಳಿಗೆ ಮಾತ್ರ ಕಷ್ಟ. ಉಣ್ಣೆಗೆ ಅಂಟಿದ ಬೀಜಕ್ಕೆ ನೆಲ ಯಾವುದು, ಚರ್ಮ ಯಾವುದು ಎಂಬ ವಿವೇಚನೆ ಇಲ್ಲ. ಅದು ಅಲ್ಲಿಯೂ ಕೊರೆಯುತ್ತದೆ. ಬಾಯಿಗೆ, ಕಣ್ಣಿಗೆ ಹೊಕ್ಕರೆ ಹುಣ್ಣು. ಹೀಗಾಗಿ ಬಲಿತ ಹುಲ್ಲಿನ ಗುಡ್ಡಕ್ಕೆ ಜಾಣ ಕುರುಬ ಮಂದೆಯನ್ನು ಬಿಡುವುದಿಲ್ಲ. ಕಂಪ್ಲಿಯ ದಾರಿಯಲ್ಲಿ, ಕೊಯ್ಲಾದ ಗದ್ದೆಯೊಂದರಲ್ಲಿ ಮಂದೆ ತರುಬಿದ್ದ ಒಬ್ಬ ಮುದುಕನನ್ನು ನಾನು ಕೇಳಿದೆ:

“ಅಜ್ಜಾ, ಆ ಗುಡ್ಡದ ಮೇಲಿನ ಹುಲ್ಲಿಗೆ ನೀವು ಏನಂತೀರಿ?”

“ಯಾವ ಹುಲ್ಲಿಗೆ ಸಾರ್?”

ನನ್ನ ಪ್ಯಾಂಟಿಗೆ ಅಂಟಿದ್ದ ಒಂದು ಬೀಜವನ್ನು ಕಿತ್ತು ತೋರಿಸಿದೆ. ಅವನು ತನ್ನ ಕಂಬಳಿಯ ಅಂಚನ್ನೇ ತಿರುಗಿಸಿ ತೋರಿಸಿದ. ಅಲ್ಲಿ ಅಂಥವು ಹತ್ತಾರಿದ್ದವು.

“ಇದಾ? ಇದು ಕರಡ ಆಗೋ ಹುಲ್ಲು. ಎಳೇದಿದ್ದಾಗ ಮೇವು, ಬಲಿತ ಮ್ಯಾಲ ಮುಳ್ಳು, ಒಣಗಿದ ಮ್ಯಾಲ ಕರಡ.”

ಒಂದು ಹುಲ್ಲಿಗೆ ಅವನು ಕೊಟ್ಟದ್ದು ಒಂದು ಹೆಸರನ್ನಲ್ಲ, ಮೂರು ಅವಸ್ಥೆಗಳನ್ನು. ಲಿನೇಯಸ್ ತೆನೆಯನ್ನು ನೋಡಿ ಹೆಸರಿಟ್ಟ. ಈತ ಕುರಿಯ ಬಾಯಿಯಿಂದ ನೋಡಿ ಹೆಸರಿಟ್ಟ. ಎರಡನೆಯದು ಕಡಮೆ ಶಾಸ್ತ್ರೀಯವೆಂದು ನನಗೆ ತೋರುವುದಿಲ್ಲ.

ಕರಡ ಎಂಬ ಮಾತು ಈಗ ನಮ್ಮ ಕಾಲೇಜಿನ ಹುಡುಗರಿಗೆ ಗೊತ್ತಿಲ್ಲ. ಕರಡು ಗೊತ್ತು, ಅರ್ಜಿಯ ಕರಡು, ಮಸೂದೆಯ ಕರಡು. ಕರಡಿಯಂತೂ ಚೆನ್ನಾಗಿ ಗೊತ್ತು. ದರೋಜಿಯಲ್ಲಿ 1994ರಿಂದ ಕರಡಿಧಾಮವೇ ಇದೆ. ಕರಡಿಗೆ ಧಾಮವುಂಟು, ಕರಡಕ್ಕಿಲ್ಲ. ಆ ಧಾಮದ ಬಂಡೆಗಳ ಸಂದಿನಲ್ಲಿ ಅದು ಕರಡಿಯ ಅತಿಥಿಯಾಗಿ ಇದೆಯೆಂಬುದು ಬೇರೆ ಮಾತು.

ಮಾತು ಮರೆತುಹೋದದ್ದಕ್ಕೆ ಕಾರಣ ಹುಡುಗರಲ್ಲ, ನೀರು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಾತಂಗ ಪರ್ವತದ ತುದಿಯಲ್ಲಿ ನಿಂತು ನೋಡಿದವರಿಗೆ ಗೊತ್ತು: ಕೆಳಗೆ ಬಾಳೆಯ ತೋಟ, ಬತ್ತದ ಗದ್ದೆ, ತೆಂಗು; ಅವುಗಳ ನಡುವೆ ಸುಮಾರು 250 ಕೋಟಿ ವರ್ಷಗಳ ವಯಸ್ಸಿನ ಕಣಶಿಲೆಯ ಗುಂಡುಗಳು ಗುಡ್ಡೆಗುಡ್ಡೆಯಾಗಿ ತಲೆಯೆತ್ತಿವೆ. ಭೂಗೋಳದವರು ಇಂಥ ಒಂಟಿಗುಡ್ಡಗಳಿಗೆ ‘ಇನ್ಸೆಲ್‌ಬರ್ಗ್’ ಎನ್ನುತ್ತಾರೆ. ಜರ್ಮನ್ ಭಾಷೆಯಲ್ಲಿ ಇನ್ಸೆಲ್ ಎಂದರೆ ದ್ವೀಪ, ಬರ್ಗ್ ಎಂದರೆ ಬೆಟ್ಟ. ಆಫ್ರಿಕದ ಬಯಲಿನಲ್ಲಿ ಇಂಥವನ್ನು ಕಂಡು ಬೋರ್ನ್‌ಹಾರ್ಟ್ ಎಂಬ ಜರ್ಮನ್ ಭೂವಿಜ್ಞಾನಿ 1900ರಲ್ಲಿ ಇಟ್ಟ ಹೆಸರು ಅದು. ನಮ್ಮ ಕಡೆಯವರಿಗೆ ದ್ವೀಪವೆಂದರೆ ನದಿಯ ನಡುವಣ ಗಡ್ಡೆ. ವಿರೂಪಾಪುರಗಡ್ಡೆ ಅಂಥದು, ಅಲ್ಲಿ ಎದ್ದಿದ್ದ ಪ್ರವಾಸಿಗಳ ವಸತಿಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ 2020ರಲ್ಲಿ ತೆಗೆದುಹಾಕಿದಾಗ ಆ ಹೆಸರು ದೂರದವರ ಕಿವಿಗೂ ಬಿತ್ತು. ಆದರೆ ನೀರಿನ ನಡುವಣ ಆ ಗಡ್ಡೆಗಿಂತ, ಹಸುರಿನ ನಡುವಣ ಈ ಒಣ ಗುಡ್ಡಗಳೇ ನನಗೆ ನಿಜವಾದ ನಡುಗಡ್ಡೆಗಳಾಗಿ ಕಾಣುತ್ತವೆ.

ಅವು ಮೊದಲಿನಿಂದಲೂ ದ್ವೀಪಗಳಾಗಿರಲಿಲ್ಲ. ವರ್ಷಕ್ಕೆ 60 ಸೆಂಟಿಮೀಟರ್ ಆಸುಪಾಸು ಮಳೆ ಬೀಳುವ ಈ ಸೀಮೆಯಲ್ಲಿ ಗುಡ್ಡವೂ ಬಯಲೂ ಒಂದೇ ಒಣ ಸಂಸಾರವಾಗಿತ್ತು. ವಿಜಯನಗರದ ಅರಸರು ತುಂಗಭದ್ರೆಗೆ ಅಡ್ಡಗಟ್ಟೆ ಕಟ್ಟಿ ಕಾಲುವೆ ತೆಗೆದರು. ರಾಯಕಾಲುವೆ, ಬಸವಣ್ಣ ಕಾಲುವೆ, ತುರ್ತು ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತಿದೆ. ಆಗ ಮೊದಲ ದ್ವೀಪಗಳು ಹುಟ್ಟಿದವು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟ ಮೇಲೆ ಕಂಪ್ಲಿಯ ಸುತ್ತಿನ ಬಯಲು ಬತ್ತ, ಕಬ್ಬುಗಳ ಸಮುದ್ರವಾಯಿತು. ಹುಲ್ಲು ಗುಡ್ಡ ಹತ್ತಿ ಕುಳಿತಿತು. ಯಂತ್ರದಿಂದ ಕೊಯ್ದ ಬತ್ತದ ಹುಲ್ಲು ರಾಶಿರಾಶಿಯಾಗಿ ಗದ್ದೆಯಲ್ಲಿಯೇ ಬಿದ್ದಿರುವಾಗ, ಬಿಸಿಲಲ್ಲಿ ಗುಡ್ಡ ಹತ್ತಿ ಕರಡ ಕೊಯ್ಯುವವರು ಯಾರು? ಗುಡಿಸಲಿಗೆ ಹೊದಿಸುವುದಕ್ಕೂ ಕಬ್ಬಿನ ರವದಿ ಬಂತು, ಅದರ ಹಿಂದೆಯೇ ತಗಡು ಬಂತು. ಕೆಲಸ ಹೋದ ಮೇಲೆ ಕೆಲಸದ ಮಾತು ಹೋಗದೆ ಇರುವುದೆ?

ಹಿಂದೆ ಹುಲ್ಲಿಗೆ ಬೆಲೆಯಿತ್ತೆಂಬುದಕ್ಕೆ ಸಾಕ್ಷಿ ಬೇಕಾದರೆ ತೆರಿಗೆಯನ್ನು ನೋಡಬೇಕು; ಬೆಲೆಯಿಲ್ಲದ್ದಕ್ಕೆ ಯಾವ ಸರಕಾರವೂ ತೆರಿಗೆ ಹಾಕುವುದಿಲ್ಲ. ಪಕ್ಕದ ತೆಲುಗು ಸೀಮೆಯಲ್ಲಿ ಹುಲ್ಲುಗಾವಲಿನ ತೆರಿಗೆಗೆ ಪುಲ್ಲರಿ ಎಂದು ಹೆಸರು. 1921ರಲ್ಲಿ ಪಲ್ನಾಡಿನ ಜನ ಪುಲ್ಲರಿ ಕೊಡುವುದಿಲ್ಲವೆಂದು ಬ್ರಿಟಿಷ್ ಸರಕಾರಕ್ಕೆ ಎದುರು ನಿಂತರು. ಹಂಪೆಯಲ್ಲಿಯೇ ನೋಡಿ: ಮಹಾನವಮಿ ದಿಬ್ಬದ ಕಲ್ಲುಗಳ ಮೇಲೆ ಆನೆಗಳ ಸಾಲು, ಕುದುರೆಗಳ ಸಾಲು. ಅರಬ್ಬೀ ಕುದುರೆಗಳು ಹಡಗು ಹತ್ತಿ ಬಂದ ಕಥೆಯನ್ನು ಇತಿಹಾಸದ ಪುಸ್ತಕಗಳು ಬೇಸರವಿಲ್ಲದೆ ಹೇಳುತ್ತವೆ. ಆ ಕುದುರೆಗಳು ಹೊನ್ನನ್ನು ಮೇದಿರಲಾರವು. ಹುಲ್ಲಿನ ಹೊರೆ ಹೊತ್ತು ಊರಬಾಗಿಲಿಗೆ ಬರುತ್ತಿದ್ದವರು ಇದ್ದೇ ಇರಬೇಕು. ಇಷ್ಟು ವರ್ಷ ಹಂಪೆಯಲ್ಲಿ ಅಲೆದರೂ ಅಂಥವರ ಒಂದು ಶಿಲ್ಪ ನನ್ನ ಕಣ್ಣಿಗೆ ಬಿದ್ದಿಲ್ಲ. ಈಗ ಆ ಕಲ್ಲುಗಳ ಸಂದಿನಲ್ಲಿ ಬೆಳೆದ ಹುಲ್ಲನ್ನು ಕೀಳುವ ಹೆಂಗಸರನ್ನು ಮಾತ್ರ ನೋಡುತ್ತೇನೆ. ಸ್ಮಾರಕದ ರಕ್ಷಣೆಗೆ ಅದೂ ಬೇಕಾದ ಕೆಲಸವೇ.

ಕಂದಾಯದ ಕಾಗದಗಳಲ್ಲಿ ಗುಡ್ಡಕ್ಕೆ ಇರುವ ಹೆಸರು ‘ಖರಾಬು’. ಉತ್ತು ಬಿತ್ತಲು ಬಾರದ್ದು ಎಂಬಷ್ಟೇ ಅದರ ಅರ್ಥ. ಆದರೆ ಮಾತಿಗೆ ತನ್ನದೇ ಒಂದು ಬಲವುಂಟು. ಖರಾಬು ಖರಾಬು ಎಂದು ಬರೆಯುತ್ತ ಬರೆಯುತ್ತ ಬರೆಯುವವನ ಮನಸ್ಸಿಗೆ ಅದು ಕೆಟ್ಟ ನೆಲವಾಗಿಬಿಡುತ್ತದೆ. 2000ದಿಂದ ಈಚೆಗೆ ಕೇಂದ್ರ ಸರಕಾರ ಹೊರತಂದ ಬಂಜರುಭೂಮಿಯ ನಕಾಶೆಗಳಲ್ಲಿಯೂ ದೇಶದ ಎಷ್ಟೋ ಹುಲ್ಲುನೆಲಗಳು ಬಂಜರಿನ ಪಟ್ಟಿಯಲ್ಲಿಯೇ ಇವೆ. ನಮ್ಮ ನೆರೆಯ ಸಿರುಗುಪ್ಪದ ಬಯಲಿನಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಎರೆಭೂತ ಪಕ್ಷಿಗೆ ಆ ನಕಾಶೆಯನ್ನು ಓದಲು ಬಾರದಿರುವುದು ಒಳ್ಳೆಯದು.

ಕೆಟ್ಟ ನೆಲವನ್ನು ಒಳ್ಳೆಯದು ಮಾಡುವ ಉತ್ಸಾಹ ಕೆಲವರಿಗೆ ಬರುವುದು ಸಹಜ. ನಮ್ಮ ಬಡಾವಣೆಯ ಹಿಂದೆ ಇಂಥದೊಂದು ಇಳಿಜಾರು ಇದೆ. ಕೆಲವು ವರ್ಷಗಳ ಹಿಂದೆ ಒಂದು ಜೂನ್ ತಿಂಗಳಲ್ಲಿ ಯಾವುದೋ ಸಂಘದವರು ಬಂದು ಅದರ ಮೈತುಂಬ ಗುಂಡಿ ತೋಡಿದರು. ಹುಲ್ಲಿನ ಗಡ್ಡೆಗಳನ್ನು ಕಿತ್ತು ಪಕ್ಕಕ್ಕೆ ಎಸೆದು ಸಸಿ ನೆಟ್ಟರು, ಭಾಷಣವಾಯಿತು, ಭಾವಚಿತ್ರವಾಯಿತು. 1950ರಲ್ಲಿ ಕೆ.ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದಾಗ ಅವರ ಮನಸ್ಸಿನಲ್ಲಿದ್ದದ್ದು ಮರವಿಲ್ಲದಲ್ಲಿ ಮರ ಬೆಳೆಸುವ ಸದಾಶಯ. ಹುಲ್ಲನ್ನು ಕೀಳಬೇಕೆಂದು ಅವರೇನೂ ಹೇಳಿರಲಾರರು. ಮುಂದಿನ ಮಾರ್ಚಿ ತಿಂಗಳ ಹೊತ್ತಿಗೆ ಸಸಿಗಳು ಕಡ್ಡಿಗಳಾಗಿದ್ದವು. ಒಂದು ಗೇಣು ಮಣ್ಣಿನ ಕೆಳಗೆ ಬಂಡೆ, ಮರ ಬೇರಿಳಿಸುವುದೆಲ್ಲಿಗೆ? ಆ ಗೇಣು ಮಣ್ಣನ್ನು ಹಿಡಿದುಕೊಂಡಿದ್ದ ಬೇರುಗಳೂ ಇಲ್ಲವಾಗಿದ್ದವು. ಆ ವರ್ಷದ ಮಳೆಗೆ ನಮ್ಮ ಬೀದಿಯಲ್ಲಿ ಕೆಂಪು ನೀರು ಹರಿದು ಚರಂಡಿಗಳು ಹೂತುಹೋದವು. ಈಗ ಆ ಇಳಿಜಾರಿನ ಗುಂಡಿಗಳ ಅಂಚಿನಿಂದ ಮತ್ತೆ ಹುಲ್ಲು ಒಳಕ್ಕೆ ನಡೆದುಬರುತ್ತಿದೆ. ಆ ಸಂಘದವರಿಗೆ ಇದು ತಿಳಿಯದಿರಲೆಂದು ನನ್ನ ಪ್ರಾರ್ಥನೆ.

ನಮ್ಮ ಹುಲ್ಲಿಗೆ ದೂರದ ಒಂದು ಊರಿನಲ್ಲಿ ಬೇರೆಯೇ ಮರ್ಯಾದೆಯಿದೆ. ಶಾಂತಸಾಗರದ ನಡುವಣ ಹವಾಯಿ ದ್ವೀಪಗಳಲ್ಲಿ ಮಳೆ ಕಡಮೆ ಬೀಳುವ ಮಗ್ಗುಲಿನಲ್ಲಿ ಬೆಳೆಯುವುದು ಇದೇ ಹುಲ್ಲು. ಅಲ್ಲಿಯ ಜನ ಅದನ್ನು ತಮ್ಮ ನೆಲದ ಹುಲ್ಲೆಂದೇ ಎಣಿಸುತ್ತಾರೆ. ಹಿಂದೆ ತಮ್ಮ ಮನೆಗಳಿಗೆ ಅದನ್ನೇ ಹೊದಿಸುತ್ತಿದ್ದರು. ಅವರು ಅದಕ್ಕೆ ಇಟ್ಟ ಹೆಸರು ‘ಪಿಲಿ’. ಅವರ ಭಾಷೆಯಲ್ಲಿ ಪಿಲಿ ಎಂದರೆ ಅಂಟಿಕೊಳ್ಳುವುದು. ಕನ್ನಡ ಮೇಷ್ಟರ ಕಿವಿಗೆ ಇದು ಬಿದ್ದರೆ ಸುಮ್ಮನಿರಲು ಸಾಧ್ಯವೆ? ಹಳಗನ್ನಡದಲ್ಲಿ ಪುಲ್ ಎಂದರೆ ಹುಲ್ಲು, ಪುಲಿ ಎಂದರೆ ಹುಲಿ. ತುಳುವಿನಲ್ಲಿ ಪಿಲಿ ಎಂದರೂ ಹುಲಿಯೇ. ಮಂಗಳೂರಿನ ಪಿಲಿ ಹವಾಯಿಯ ಪಿಲಿಯನ್ನು ತಿನ್ನದು. ಭಾಷಾಶಾಸ್ತ್ರಕ್ಕೂ ಈ ತಮಾಷೆಗೂ ಏನೂ ಸಂಬಂಧವಿಲ್ಲವೆಂದು ವಿದ್ಯಾರ್ಥಿಗಳು ಗಮನಿಸಬೇಕು.

ಆ ದ್ವೀಪಗಳಲ್ಲಿ ಕಹೊಒಲಾವೆ ಎಂಬುದೊಂದು. ಸುಮಾರು 115 ಚದರ ಕಿಲೋಮೀಟರಿನ ಒಣ ದ್ವೀಪ. ಮೋಡಗಳನ್ನು ಪಕ್ಕದ ಮಾವಿ ದ್ವೀಪದ ಎತ್ತರದ ಪರ್ವತ ತಡೆದುಬಿಡುತ್ತದೆ, ಸಹ್ಯಾದ್ರಿ ನಮಗೆ ಮಾಡುವಂತೆಯೇ. ಮೊದಲು ಆಡುಗಳು, ದನಕುರಿಗಳು ಅದನ್ನು ಬೋಳು ಮಾಡಿದವು. 1941ರಲ್ಲಿ ಜಪಾನಿನ ದಾಳಿಯಾದ ಮೇಲೆ ಅಮೆರಿಕದ ಸೈನ್ಯ ಅದನ್ನು ಬಾಂಬು ಹಾಕಿ ಅಭ್ಯಾಸ ಮಾಡುವ ಗುರಿಯನ್ನಾಗಿ ಮಾಡಿಕೊಂಡಿತು. ಸುಮಾರು ಅರ್ಧ ಶತಮಾನ ಈ ಅಭ್ಯಾಸ ನಡೆದು, ಜನರ ಹೋರಾಟದ ಫಲವಾಗಿ 1990ರಲ್ಲಿ ನಿಂತಿತು. 1994ರಲ್ಲಿ ದ್ವೀಪ ರಾಜ್ಯಕ್ಕೆ ಹಿಂದಿರುಗಿತು. ಅಷ್ಟರಲ್ಲಿ ಮೇಲ್ಮಣ್ಣು ಕೊಚ್ಚಿಹೋಗಿ ಸುತ್ತಿನ ಸಮುದ್ರ ಕೆಂಪಾಗುತ್ತಿತ್ತು. ಆ ಕೆಂಪು ನೆಲವನ್ನು ಹಿಡಿದು ನಿಲ್ಲಿಸಲು ಅವರು ಹುಡುಕಿಕೊಂಡು ಹೋದ ಗಿಡಗಳಲ್ಲಿ ಪಿಲಿ ಹುಲ್ಲು ಮುಖ್ಯವಾದುದು. ಬೀಜಸಮೇತ ಕೊಯ್ದ ಹುಲ್ಲಿನ ಕಟ್ಟುಗಳನ್ನು ಕೊರಕಲುಗಳಲ್ಲಿ ಇಡುತ್ತಾರೆ. ಕಟ್ಟು ಮಣ್ಣನ್ನು ತಡೆಯುತ್ತದೆ, ಬೀಜ ಮೊಳೆಯುತ್ತದೆ. ಮಾವಿ ದ್ವೀಪದ ಲಹೈನಾ ಪಟ್ಟಣ 2023ರ ಆಗಸ್ಟಿನಲ್ಲಿ ಸುಟ್ಟು ಸುಮಾರು 100 ಜನ ಸತ್ತಾಗ, ಕಬ್ಬಿನ ಬೇಸಾಯ ನಿಂತ ತೋಟಗಳಲ್ಲಿ ಆಳೆತ್ತರ ಬೆಳೆದು ಬೆಂಕಿಗೆ ಸೌದೆಯಾದದ್ದು ದನದ ಮೇವಿಗೆಂದು ಹೊರದೇಶಗಳಿಂದ ತಂದ ಹುಲ್ಲುಗಳು. ಯಾವ ಹುಲ್ಲಾದರೇನು ಎನ್ನುವವರು ಇದನ್ನು ಯೋಚಿಸಬಹುದು.

ಬಾಂಬು ಬಿದ್ದ ದ್ವೀಪದ ಚಿತ್ರಗಳನ್ನು ನೋಡಿದಾಗ ನನಗೆ ನೆನಪಾದದ್ದು ಸಂಡೂರು. 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದಿದ್ದರು. ಸೆಪ್ಟೆಂಬರಿನ ಸಂಡೂರನ್ನು ನೋಡಬೇಕೆಂದು ಅವರು ಹೇಳಿದರೆಂಬ ಮಾತು ಅಲ್ಲಿಯವರ ನಾಲಗೆಯ ಮೇಲೆ ಇಂದಿಗೂ ಇದೆ. ಸೆಪ್ಟೆಂಬರಿನಲ್ಲಿ ಆ ಬೆಟ್ಟಗಳಿಗೆ ಬರುವ ಹಸುರಿನಲ್ಲಿ ಮರದ ಪಾಲೆಷ್ಟೋ ಹುಲ್ಲಿನ ಪಾಲೂ ಅಷ್ಟೇ. ಕುಮಾರಸ್ವಾಮಿಯ ಗುಡಿಗೆ ಹೋಗುವ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದರೆ ಬೆಟ್ಟದ ಮೈ ಗಾಳಿಗೆ ಅಲೆಯಾಡುವುದು ಕಾಣುತ್ತದೆ. ಅಲೆ ಎಲ್ಲಿ ತುಂಡಾಗಿದೆಯೋ ಅಲ್ಲಿ ಗಣಿ. ಕಬ್ಬಿಣದ ಅದಿರಿಗಾಗಿ ಅಕ್ರಮವಾಗಿ ಅಗೆದದ್ದು ಮಿತಿಮೀರಿ, 2011ರ ಜುಲೈ ತಿಂಗಳಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. 2013ರಲ್ಲಿ ಮತ್ತೆ ಅನುಮತಿ ಕೊಡುವಾಗ, ಕೆಡಿಸಿದ ನೆಲವನ್ನು ಸರಿಪಡಿಸುವ ಯೋಜನೆಯೂ ನಡೆಯಬೇಕೆಂದು ವಿಧಿಸಿತು. ಅದಿರು ತೆಗೆದು ಸುರಿದ ಮಣ್ಣಿನ ದಿಬ್ಬಗಳಿಗೆ ತೆಂಗಿನ ನಾರಿನ ಬಲೆ ಹೊದಿಸಿ ಹುಲ್ಲು ಎಬ್ಬಿಸುವುದೂ ಆ ಕೆಲಸದಲ್ಲಿ ಸೇರಿದೆ.

2021ರಲ್ಲಿ ಜಿಲ್ಲೆ ಒಡೆದು ಹೊಸಪೇಟೆ, ಹಂಪೆಗಳು ವಿಜಯನಗರಕ್ಕೂ, ಸಂಡೂರು, ಕಂಪ್ಲಿಗಳು ಬಳ್ಳಾರಿಗೂ ಸೇರಿದವು. ಆದರೂ ನಾಲ್ಕು ಕಡೆಯ ಹುಡುಗರೂ ನಮ್ಮ ತರಗತಿಗೆ ಬರುತ್ತಾರೆ. ಕಳೆದ ವರ್ಷ ಅವರಿಗೆ ಒಂದು ಕೆಲಸ ಕೊಟ್ಟೆ: ಮನೆಯ ಹಿರಿಯರನ್ನು ಕೇಳಿ ಹುಲ್ಲುಗಳ ಹೆಸರುಗಳನ್ನು ಬರೆದು ತರುವುದು. ಎಲ್ಲರೂ ಗರಿಕೆ ತಂದರು. ಕಂಪ್ಲಿಯವರು ಜೇಕು ತಂದರು. ಗದ್ದೆಯ ಕಳೆಯಲ್ಲವೆ, ಬೈಯುವುದಕ್ಕಾದರೂ ಹೆಸರು ಬೇಕು. ಒಬ್ಬಳು ಬಾದೆ ಹುಲ್ಲು ತಂದಳು. ಕರಡವನ್ನು ತಂದವನು ಸಂಡೂರಿನ ಕಡೆಯ ಒಬ್ಬನೇ ಹುಡುಗ.

“ಯಾರನ್ನ ಕೇಳಿದೆಯಪ್ಪಾ?” ಎಂದೆ.

“ನಮ್ಮ ಅಪ್ಪನ್ನ, ಸಾರ್. ಅವರು ಗಣಿ ದಿಬ್ಬದ ಮ್ಯಾಲ ಹುಲ್ಲಿನ ಬೀಜ ಚೆಲ್ಲೋ ಕೂಲಿಗೆ ಹೋಗ್ತಾರ. ಮೊದಲು ಅದೇ ಗುಡ್ಡದಾಗ ಹುಲ್ಲು ಕೆತ್ತೋ ಕೂಲಿಗೆ ಹೋಗ್ತಿದ್ರು.”

“ಈಗ ಚೆಲ್ಲಿದ್ದು ಹುಟ್ಟಿದೆಯೇನು?”

“ಚೀಲದಾಗಿಂದು ಅಷ್ಟಕ್ಕಷ್ಟೇ ಸಾರ್. ದಿಬ್ಬದ ಕೆಳಗಿನ ಅಂಚಿನಾಗ, ಅಗೀದೇ ಬಿಟ್ಟಿರೋ ಗುಡ್ಡ ಹತ್ತೋ ಕಡೆ ಚಲೋ ಹುಟ್ಟೈತಿ. ಅದನ್ನ ಯಾರೂ ಚೆಲ್ಲಿಲ್ಲ. ಆಡಿನ ಮೈಗೆ ಹತ್ತಿ ಬಂದದ್ದು ಅಂತ ಅಪ್ಪ ಅಂತಾರ.”